ಪರದೇಶಿಯ ಹವ್ಯಾಸ

ನಮ್ಮ ಕಡೆಯ ಮಾತಿನಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬೇರೊಂದು ದೇಶದಲ್ಲಿ ವಾಸಿಸುವವನು ಎಂಬದು ಕೋಶದೊಳಗಿನ ಅರ್ಥ. ಹಿಂದೆ ಮುಂದೆ ದಿಕ್ಕಿಲ್ಲದವನು ಎಂಬದು ಓಣಿಯೊಳಗಿನ ಅರ್ಥ. ೨೦೦೬ ನೆಯ ಇಸವಿಯಲ್ಲಿ ನಾನು ಚಾಕರಿಗಾಗಿ ದುಬಾಯಿಗೆ ಹೊರಟ ದಿವಸ ನಮ್ಮ ಅವ್ವ ಮನೆಯ ಕಟ್ಟೆಯ ಮೇಲೆ ನಿಂತು, “ನನ್ನ ಮಗ ಪರದೇಶಿ ಆದ ನೋಡ್ರೆವ್ವಾ” ಎಂದು ನೆರೆಯ ಹೆಂಗಸರಿಗೆ ಹೇಳಿ ಸೆರಗಿನಿಂದ ಕಣ್ಣೊರಸಿಕೊಂಡಳು. ಅವಳು ಆ ಶಬ್ದವನ್ನು ಯಾವ ಅರ್ಥದಲ್ಲಿ ಆಡಿದಳೆಂಬದು ಆಗ ನನಗೆ ತಿಳಿಯಲಿಲ್ಲ. ಇಷ್ಟು ವರ್ಷಗಳ ತರುವಾಯ ನೋಡಿದರೆ ಎರಡೂ ಅರ್ಥಗಳಲ್ಲಿ ಅವಳ ಮಾತು ಅಷ್ಟಷ್ಟು ನಿಜವಾಗಿದೆಯೆಂದು ತೋರುತ್ತದೆ.

ಪರದೇಶಿಯಾದವನಿಗೆ ಹೇಳಿಕೊಳ್ಳುವಂಥ ದೊಡ್ಡ ಸಂಗತಿಗಳು ಕಡಿಮೆ. ಕೆಲಸ, ದಾರಿ, ಅಡಿಗೆ, ನಿದ್ರೆ ಇವುಗಳಲ್ಲಿಯೇ ಅವನ ದಿನಗಳು ಸವೆಯುತ್ತವೆ. ಉಳಿದ ಅಷ್ಟಿಷ್ಟು ವೇಳೆಯಲ್ಲಿ ಅವನು ಯಾವದಾದರೊಂದು ಹವ್ಯಾಸವನ್ನು ಹಚ್ಚಿಕೊಳ್ಳುತ್ತಾನೆ. ಮೋಟಾರು ನಡೆಯಿಸುತ್ತ ಏನೇನೋ ವಿಚಾರಗಳನ್ನು ಮಾಡುತ್ತಾನೆ. ರಾತ್ರಿ ಅಂಗೈಯಗಲದ ಯಂತ್ರದಲ್ಲಿ ಮನೆಯವರ ಮುಖವನ್ನು ನೋಡುತ್ತಾನೆ. ಈ ಮೂರು ಸಾಮಾನ್ಯ ವಿಷಯಗಳನ್ನು ಕುರಿತೇ ನಾನು ಇಲ್ಲಿ ನಾಲ್ಕು ಮಾತು ಬರೆಯುವವನಿದ್ದೇನೆ. ಅವು ಒಂದು ರಾತ್ರಿ ಕರಜಗಿಯ ದಾರಿಯಲ್ಲಿ ಒಂದಕ್ಕೊಂದು ಗಂಟು ಬಿದ್ದ ಬಗೆಯು ವಾಚಕರಿಗೆ ಉಪಯೋಗವಾದೀತೆಂಬ ಆಶೆಯೇ ಈ ಬರವಣಿಗೆಗೆ ಕಾರಣ.

ಮೊದಲು ಊರಿನ ಗುರುತನ್ನು ಹೇಳಬೇಕು. ಕರಜಗಿ ಎಂದೊಡನೆ ಬಹುಜನರಿಗೆ ನೆನಪಾಗುವದು ಹಾವೇರಿಯ ಹತ್ತಿರದ, ರೈಲು ನಿಲ್ದಾಣವುಳ್ಳ ಕರಜಗಿ. ನಮ್ಮದು ಅದಲ್ಲ. ನಮ್ಮದು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ಕರಜಗಿ. ತಾಲೂಕಿನ ಒಂದು ಮಗ್ಗುಲಿಗೆ ಭೀಮಾ ನದಿ, ಇನ್ನೊಂದು ಮಗ್ಗುಲಿಗೆ ಮಹಾರಾಷ್ಟ್ರದ ಎಲ್ಲೆ. ಭೀಮೆಯೂ ಅಮರಜೆಯೂ ಕೂಡುವ ದೇವಲ ಗಾಣಗಾಪುರದ ದತ್ತಕ್ಷೇತ್ರವೂ ಘತ್ತರಗಿಯ ಭಾಗ್ಯವಂತಿಯ ಗುಡಿಯೂ ಇದೇ ತಾಲೂಕಿನಲ್ಲಿವೆ. ಎರೆಯ ಹೊಲ, ತೊಗರಿ, ಬಿಳಿಜೋಳ ಇವು ಹಿಂದಿನಿಂದ ಬಂದ ಆಸ್ತಿ. ಸೊನ್ನದ ಬ್ಯಾರೇಜು ಕಟ್ಟಿದ ಮೇಲೆ, ಸಕ್ಕರೆಯ ಕಾರಖಾನೆ ಎದ್ದ ಮೇಲೆ, ಕಬ್ಬು ಹೊಸದಾಗಿ ಬಂದ ಬೆಳೆ.

ಈ ಸೀಮೆಯು ೧೯೪೮ ರ ವರೆಗೆ ನಿಜಾಮರ ಆಳಿಕೆಯಲ್ಲಿತ್ತು. ಆ ರಾಜ್ಯದಲ್ಲಿ ೧೯೩೨ ರಷ್ಟು ಹಿಂದೆಯೇ ೨೭ ಮೋಟಾರು ಬಸ್ಸುಗಳಿಂದ ಸರಕಾರಿ ಸಾರಿಗೆ ಆರಂಭವಾಗಿತ್ತೆಂಬದು ಇತಿಹಾಸ. ಆದರೆ ಎರೆಮಣ್ಣಿನ ಒಳಹಳ್ಳಿಗಳಿಗೆ ಮೋಟಾರು ಬಂದುದು ಅದೆಷ್ಟೋ ವರ್ಷಗಳ ಮೇಲೆ. ಮಳೆಗಾಲದಲ್ಲಿ ಮೊಳದುದ್ದ ಗಾಲಿ ಹೂತುಹೋಗುವ ಆ ದಾರಿಗಳಲ್ಲಿ ಎತ್ತಿನ ಗಾಡಿಯೇ ರಾಜ, ಅದೇ ಪ್ರಧಾನಿ. ನಾನು ಸಣ್ಣವನಿದ್ದಾಗ ರಾತ್ರಿ ಹೊಲದಿಂದ ಬರುವ ಗಾಡಿಯ ಇರಿಸಿನ ಕೆಳಗೆ ಒಂದು ಕಂದೀಲು ತೂಗಾಡುತ್ತಿತ್ತು. ಎತ್ತಿನ ಕಾಲುಗಳ ನೆರಳು ದಾರಿಯ ಎರಡೂ ಕಡೆಗೆ ಆನೆಯ ಕಾಲುಗಳಂತೆ ಉದ್ದುದ್ದವಾಗಿ ನಡೆಯುತ್ತಿತ್ತು. ಈ ಕಂದೀಲನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ನನ್ನ ಹವ್ಯಾಸದ ಮಾತು. ದುಬಾಯಿಯಲ್ಲಿ ೨೦೨೧ ರ ಕೊನೆಯ ವರೆಗೆ ಶುಕ್ರವಾರವೇ ವಾರದ ರಜೆಯಾಗಿತ್ತು. ಅನಂತರ ಶನಿವಾರ, ರವಿವಾರಗಳಾದವು. ರಜೆಯ ದಿನ ನನ್ನ ಸಂಗಡಿಗರಲ್ಲಿ ಕೆಲವರು ಬೆಳಕು ಹರಿಯುವ ಮೊದಲೇ ಎದ್ದು ಮೋಟಾರು ನಿಲ್ಲಿಸುವ ಖಾಲಿ ಬಯಲಿನಲ್ಲಿ ಕ್ರಿಕೆಟ್ ಆಡುವರು. ಒಬ್ಬನು ಖಾಡಿಯ ದಂಡೆಯಲ್ಲಿ ಗಾಳ ಹಾಕಿ ಕೂಡುವನು. ಇನ್ನೊಬ್ಬನು ಹದಿನಾಲ್ಕನೆಯ ಮಜಲೆಯ ಗ್ಯಾಲರಿಯಲ್ಲಿ ಒಂದು ಕರಿಬೇವಿನ ಗಿಡವನ್ನು ಮಗುವಿನಂತೆ ಸಾಕಿದ್ದಾನೆ. ನನಗೆ ಹತ್ತಿದ ಹುಚ್ಚೆಂದರೆ ಹಳೆಯ ಕೈಗಡಿಯಾರಗಳನ್ನು ಬಿಚ್ಚಿ ರಿಪೇರಿ ಮಾಡುವದು. ಕೀಲಿ ಕೊಟ್ಟರೆ ನಡೆಯುವ, ಬ್ಯಾಟರಿ ಬೇಡದ ಗಡಿಯಾರಗಳು. ಬೆಂಗಳೂರಿನಲ್ಲಿ ೧೯೬೧ ರಲ್ಲಿ ಜಪಾನದ ಸಿಟಿಜನ್ ಕಂಪನಿಯ ಸಹಕಾರದಿಂದ ಕಾರಖಾನೆ ತೆರೆದು, ಒಂದು ಕಾಲಕ್ಕೆ ಮಾವನ ಮನೆಯ ಕಾಣಿಕೆಯೆಂದು ಎಷ್ಟೋ ವರರ ಕೈ ಸೇರಿದ ಎಚ್.ಎಂ.ಟಿ. ಗಡಿಯಾರಗಳನ್ನು ಅಲ್ಲಿಯ ಹಳೆಯ ಪೇಟೆಯಲ್ಲಿ ಹುಡುಕಿ ತರುವೆನು. ಒಂದು ಸಣ್ಣ ಬುಗುರಿಯಂಥ ಚಕ್ರವು ಮತ್ತೆ ಉಸಿರಾಡಿದಂತೆ ಹಿಂದೆ ಮುಂದೆ ಆಡತೊಡಗಿದಾಗ ಆಗುವ ಸಂತೋಷವನ್ನು ಬಲ್ಲವರೇ ಬಲ್ಲರು.

ಈ ಹುಚ್ಚಿಗೆ ಮೂಲವು ನಮ್ಮ ಅಜ್ಜನ ಗಡಿಯಾರ. ಅದು ವೆಸ್ಟ್ ಎಂಡ್ ಎಂಬ ಹೆಸರಿನದು. ಸ್ವಿಟ್ಝರ್ಲಂಡದಲ್ಲಿ ತಯಾರಾಗಿ ಮುಂಬಯಿ ಕಲಕತ್ತೆಗಳ ಮೂಲಕ ನಮ್ಮ ದೇಶದಲ್ಲೆಲ್ಲ ಹಬ್ಬಿದುದು. ಅರಬಸ್ತಾನದಲ್ಲಿಯೂ ಅದಕ್ಕೆ ಬಹಳ ಹೆಸರು. ಅಜ್ಜ ಅದನ್ನು ಸೋಲಾಪುರದ ಪೇಟೆಯಲ್ಲಿ ಕೊಂಡನಂತೆ. ರಾತ್ರಿ ಹೊಲದಲ್ಲಿ ಮಲಗಿದಾಗ ಅದರ ಅಂಕಿಗಳು ಮಿಣುಕುಹುಳದಂತೆ ಹಸಿರಾಗಿ ಬೆಳಗುತ್ತಿದ್ದವೆಂದೂ, ಅದು ‘ರೇಡಿಯಂ ಗಡಿಯಾರ’ವೆಂದೂ ಅವನು ಹೆಮ್ಮೆಯಿಂದ ಹೇಳುತ್ತಿದ್ದನು. ನನ್ನ ಕೈಗೆ ಬರುವ ವೇಳೆಗೆ ಅದು ಬೆಳಗುವದನ್ನು ಬಿಟ್ಟಿತ್ತು. ಅಂಕಿಗಳು ಹುರಿದ ಜೋಳದ ಬಣ್ಣಕ್ಕೆ ತಿರುಗಿದ್ದವು.

ನಾನು ಅದನ್ನು ದುಬಾಯಿಗೆ ಒಯ್ದು, ಹಳೆಯ ಬಣ್ಣವನ್ನು ಕೆರೆದು ಹೊಸದನ್ನು ಹಚ್ಚಿಸಬೇಕೆಂದು ದೇರಾ ಪೇಟೆಯ ಒಬ್ಬ ವೃದ್ಧ ಗಡಿಯಾರದವನ ಮುಂದಿಟ್ಟೆನು. ಅವನು ಭೂತಗನ್ನಡಿಯಿಂದ ನೋಡಿ, ಮುಚ್ಚಳವನ್ನು ತಿರುಗಿ ಭದ್ರಪಡಿಸಿ, “ಇದನ್ನು ಕೆರೆಯಬೇಡ, ಬೆಳಕು ಸತ್ತಿದೆ, ವಿಷ ಸತ್ತಿಲ್ಲ” ಎಂದನು. ಮನೆಗೆ ಬಂದು ಓದಿ ನೋಡಲು ಅವನ ಮಾತು ಅಕ್ಷರಶಃ ನಿಜವಾಗಿತ್ತು. ಕ್ಯೂರಿ ದಂಪತಿಗಳು ೧೮೯೮ ರಲ್ಲಿ ಕಂಡುಹಿಡಿದ ರೇಡಿಯಂ ಧಾತುವಿನ ಅಣುಮಾತ್ರವನ್ನು ಸತುವಿನ ಒಂದು ಪುಡಿಯಲ್ಲಿ ಬೆರಸಿದರೆ ಆ ಪುಡಿಯು ತಾನೇ ಬೆಳಗುತ್ತದೆ. ಕೆಲವು ದಶಕಗಳಲ್ಲಿ ಪುಡಿಯ ಶಕ್ತಿ ಉಡುಗುತ್ತದೆ. ಆದರೆ ರೇಡಿಯಮ್ಮಿನ ಕಿರಣ ಅರ್ಧಕ್ಕೆ ಇಳಿಯಬೇಕಾದರೆ ಸುಮಾರು ೧೬೦೦ ವರ್ಷ ಬೇಕು. ಅಮೇರಿಕದ ನ್ಯೂ ಜರ್ಸಿಯಲ್ಲಿ ಗಡಿಯಾರಗಳ ಮೇಲೆ ಈ ಬಣ್ಣದಿಂದ ಅಂಕಿ ಬರೆಯುತ್ತಿದ್ದ ತರುಣಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ೧೯೨೦ ರ ದಶಕದಲ್ಲಿ ಅವರಲ್ಲಿ ಅನೇಕರು ದವಡೆಯ ಎಲುಬು ಕೊಳೆತು ಮರಣ ಹೊಂದಿದರು. ಅಜ್ಜನ ಕಾಲದ ಇಂಥ ಗಡಿಯಾರ ಯಾರ ಮನೆಯಲ್ಲಿಯಾದರೂ ಇದ್ದರೆ ಅದನ್ನು ಮುಚ್ಚಿದಂತೆಯೇ ಇಟ್ಟುಕೊಳ್ಳುವದು ಲೇಸು. ಮಕ್ಕಳ ಕೈಗೆ ಬಿಚ್ಚಲು ಕೊಡಬಾರದು.

ಹವ್ಯಾಸ ಇಷ್ಟಾಯಿತು. ಇನ್ನು ದಾರಿ. ನಮ್ಮಲ್ಲಿ ವಾಹನಗಳು ಎಡಬದಿಗೆ ನಡೆಯುವವು, ಅಲ್ಲಿ ಬಲಬದಿಗೆ. ಊರಲ್ಲಿ ಟ್ರ್ಯಾಕ್ಟರು ನಡೆಯಿಸಿದವನೆಂಬ ಗರ್ವದಿಂದ ಪರೀಕ್ಷೆಗೆ ಹೋದ ನಾನು ಎರಡು ಸಲ ನಾಪಾಸಾದೆನು. ವರ್ತುಲಾಕಾರದ ಚೌಕಿಗೆ ಬಂದಾಗ ಬಲಕ್ಕೆ ನೋಡುವದು ನನ್ನ ಕತ್ತಿಗೆ ಬಂದ ರೂಢಿ. ಅಲ್ಲಿ ವಾಹನವು ಎಡದಿಂದ ಬರುವದು. ಸ್ವೀಡನ್ ದೇಶವು ೧೯೬೭ ನೆಯ ಸಪ್ಟಂಬರ ೩ ನೆಯ ತಾರೀಖು ಬೆಳಗಿನ ಐದು ಗಂಟೆಗೆ ಎಡಬದಿಯನ್ನು ಬಿಟ್ಟು ಬಲಬದಿಗೆ ಸರಿಯಿತು. ಎಲ್ಲ ವಾಹನಗಳೂ ಹತ್ತು ನಿಮಿಷ ಮೊದಲು ನಿಂತು, ಬದಿ ಬದಲಿಸಿ, ಗಂಟೆಯಾಗುತ್ತಲೆ ಹೊರಟವು. ಒಂದು ದೇಶಕ್ಕೆ ಹತ್ತು ನಿಮಿಷದಲ್ಲಿ ಸಾಧ್ಯವಾದುದು ನನ್ನ ಒಂದು ಕತ್ತಿಗೆ ಮೂರು ತಿಂಗಳು ಹಿಡಿಯಿತು.

ಒಮ್ಮೆ ರೂಢಿಯಾದ ಮೇಲೆ ಮಾತ್ರ ನಾನು ಬಹಳ ಶಿಸ್ತಿನ ಮನುಷ್ಯನಾದೆನು. ಅಥವಾ ಆದೆನೆಂದು ತಿಳಿದೆನು. ಶಾಲೆಯ ಬಸ್ಸು ನಿಂತು ತನ್ನ ಕೆಂಪು ಹಲಗೆಯನ್ನು ಚಾಚಿದರೆ ಐದು ಮೀಟರು ದೂರದಲ್ಲಿಯೇ ನಿಲ್ಲುವೆನು. ಕೊಂಬು ಬಾರಿಸುವದನ್ನು ಮರೆತೆನು. ಊರಿಗೆ ಬಂದಾಗಲೆಲ್ಲ ಕಟ್ಟೆಯ ಮೇಲೆ ಕುಳಿತು, “ನಮ್ಮ ಜನಕ್ಕೆ ಶಿಸ್ತಿಲ್ಲ, ಅಲ್ಲಿ ನೋಡಿರಿ” ಎಂದು ಉಪದೇಶ ಮಾಡುವೆನು. ಪರದೇಶದಿಂದ ಬಂದವರಿಗೆಲ್ಲ ಅಂಟಿದ ಜಾಡ್ಯವಿದು. ವಾಚಕರಲ್ಲಿ ಇದನ್ನು ಕೇಳಿ ಬೇಸತ್ತವರು ಬಹಳ ಜನರಿರಬಹುದು.

ಆದರೆ ಆ ಶಿಸ್ತಿನ ಮೂಲವೆಲ್ಲಿ? ಅಲ್ಲಿಯ ವಾಹನ ನಡೆಯಿಸುವವರಲ್ಲಿ ಭಾರತೀಯರೇ ಎಷ್ಟೋ ಮಂದಿ; ಅವರ ರಕ್ತವೇನು ವಿಮಾನದಲ್ಲಿ ಬದಲಾಗುವದಿಲ್ಲ. ಕೆಂಪು ದೀಪವನ್ನು ದಾಟಿದರೆ ಸಾವಿರ ದಿರ್ಹಮ್ ದಂಡ, ಮೂವತ್ತು ದಿನ ವಾಹನ ಜಪ್ತು, ಪರವಾನಗಿಯ ಮೇಲೆ ಹನ್ನೆರಡು ಕಪ್ಪು ಚುಕ್ಕೆ. ಚುಕ್ಕೆಗಳು ಇಪ್ಪತ್ತುನಾಲ್ಕಾದರೆ ಪರವಾನಗಿಯೇ ಹೋಯಿತು. ನೋಡುವ ಕಣ್ಣು ಪೋಲೀಸನದಲ್ಲ, ಯಂತ್ರದ್ದು. ಅದಕ್ಕೆ ನಿದ್ದೆಯಿಲ್ಲ, ದಾಕ್ಷಿಣ್ಯವಿಲ್ಲ. ಇಷ್ಟಿದ್ದರೂ ೨೦೦೮ ನೆಯ ಮಾರ್ಚ ೧೧ ರ ಬೆಳಿಗ್ಗೆ ಮಂಜಿನಲ್ಲಿ ಅಬುಧಾಬಿ-ದುಬಾಯಿ ದಾರಿಯ ಮೇಲೆ ಇನ್ನೂರಕ್ಕೂ ಹೆಚ್ಚು ವಾಹನಗಳು ಒಂದರ ಬೆನ್ನಿಗೊಂದು ಹಾಯ್ದು ಉರಿದವು. ಆ ವರ್ಷ ಆ ದೇಶದ ದಾರಿಗಳ ಮೇಲೆ ಸಾವಿರಕ್ಕೂ ಮೇಲ್ಪಟ್ಟು ಜನ ಸತ್ತರು. ೨೦೨೩ ರಲ್ಲಿ ಸತ್ತವರು ೩೫೨. ಜನ ಹೆಚ್ಚಾದರು, ವಾಹನ ಹೆಚ್ಚಾದವು, ಸಾವು ಮಾತ್ರ ಇಳಿಯಿತು. ಮನುಷ್ಯರ ಸ್ವಭಾವ ಹದಿನೈದು ವರ್ಷಗಳಲ್ಲಿ ಅಷ್ಟು ಬದಲಾಗಲಾರದು; ಬದಲಾದುದು ವ್ಯವಸ್ಥೆ. ಈ ವಿಚಾರವು ನನಗೆ ಅಲ್ಲಿಯೇ ಹೊಳೆಯಬೇಕಾಗಿತ್ತು. ಹೊಳೆದುದು ಮಾತ್ರ ಕರಜಗಿಯ ದಾರಿಯಲ್ಲಿ.

ನಡುವೆ ಮೂರನೆಯ ವಿಷಯವನ್ನೂ ಹೇಳಿ ಮುಗಿಸುವೆನು. ನಾನು ಹೋದ ಹೊಸತರಲ್ಲಿ ಊರಿಗೆ ಮಾತಾಡಬೇಕಾದರೆ ರೊಕ್ಕ ಕೊಟ್ಟು ಒಂದು ಕಾರ್ಡು ಕೊಂಡು, ಅದನ್ನು ಕೆರೆದು, ಉದ್ದದ ಅಂಕಿಗಳನ್ನು ಒತ್ತಬೇಕಾಗುತ್ತಿತ್ತು. “ಉಂಡೇನು? ಉಂಡೆ” ಎನ್ನುವಷ್ಟರಲ್ಲಿ ಅರ್ಧ ಕಾರ್ಡು ತೀರುವದು. ಮುಂದೆ ಚಿತ್ರಸಹಿತ ಮಾತಾಡುವ ಸೌಕರ್ಯ ಬಂದಿತು. ವಾಟ್ಸಾಪಿನ ಕರೆಗೆ ಆ ದೇಶದಲ್ಲಿ ಬಹುಕಾಲ ತಡೆಯಿದ್ದುದರಿಂದ, ಪರವಾನಗಿ ಪಡೆದ ಬೇರೊಂದು ಸಾಧನವನ್ನು ತಮ್ಮನು ಅವ್ವನ ಮೊಬಾಯಿಲಿನಲ್ಲಿ ಕೂಡ್ರಿಸಿಕೊಟ್ಟನು. ಅಲ್ಲಿಗೂ ಇಲ್ಲಿಗೂ ಒಂದೂವರೆ ತಾಸಿನ ಅಂತರ. ನಾನು ಕೆಲಸದಿಂದ ಬರುವಷ್ಟರಲ್ಲಿ ಅವ್ವನಿಗೆ ತೂಕಡಿಕೆ. ಅವಳು ಯಂತ್ರವನ್ನು ಕಿವಿಗೆ ಹಿಡಿಯುವ ರೂಢಿಯನ್ನು ಬಿಡಲೊಲ್ಲಳು. ಎಷ್ಟೋ ದಿವಸ ನಾನು ಅವಳ ಕಿವಿಯ ಓಲೆಯನ್ನೇ ನೋಡುತ್ತ ಮಾತಾಡಿದ್ದೇನೆ. ದೂರವನ್ನು ಈ ಯಂತ್ರ ಕಡಿಮೆ ಮಾಡಿತೋ, ಅಥವಾ ದೂರವಿದ್ದೇವೆಂಬದನ್ನು ದಿನವೂ ನೆನಪು ಮಾಡಿಕೊಟ್ಟಿತೋ ಹೇಳಲಾರೆನು.

ಇನ್ನು ಆ ರಾತ್ರಿಯ ಸಂಗತಿ. ೨೦೨೨ ರ ಡಿಸೆಂಬರಿನಲ್ಲಿ ಎಳ್ಳಮವಾಸ್ಯೆಗೆಂದು ರಜೆ ಹಾಕಿ ಊರಿಗೆ ಬಂದೆನು. ನಮ್ಮ ಸೀಮೆಗೆ ಅದು ಯುಗಾದಿ ದೀವಳಿಗೆಗಳಿಗಿಂತ ದೊಡ್ಡ ಹಬ್ಬ. ಮನೆಯವರೆಲ್ಲ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿಗೆ ಚರಗ ಚೆಲ್ಲಿ, ಭಜ್ಜಿ, ಸಜ್ಜಿರೊಟ್ಟಿ, ಶೇಂಗಾದ ಹೋಳಿಗೆಗಳನ್ನು ಉಣ್ಣುವ ದಿವಸ. ವಿಮಾನದಿಂದ ಹೈದರಾಬಾದಿನಲ್ಲಿಳಿದು ಕಲಬುರಗಿಯನ್ನು ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಚಿಕ್ಕಪ್ಪನ ಮಗ ಕಾರು ತಂದಿದ್ದನು. ಅವನು ಎರಡು ರಾತ್ರಿ ತೊಗರಿಯ ರಾಶಿಯಲ್ಲಿ ನಿದ್ದೆಗೆಟ್ಟಿದ್ದುದರಿಂದ, “ನೀ ಹಿಂದ ಮಲಗೋ, ನಾನೇ ನಡಸತೀನಿ” ಎಂದು ಚಕ್ರ ಹಿಡಿದೆನು.

ಅಫಜಲಪುರವನ್ನು ದಾಟಿದ ಮೇಲೆ ದಾರಿ ಖಾಲಿಯಿತ್ತು. ವೇಗ ಎಂಬತ್ತು ಕಿಲೋಮೀಟರು. ದುಬಾಯಿಯ ಲೆಕ್ಕದಲ್ಲಿ ಅದು ಮುದುಕರ ನಡಿಗೆ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರೊಂದು ಪ್ರಖರವಾದ ದೀಪವನ್ನು ನೇರವಾಗಿ ನನ್ನ ಕಣ್ಣಿಗೆ ಬಿಟ್ಟುಕೊಂಡು ಬಂದಿತು. ಅದು ದಾಟಿ ಹೋದೊಡನೆ ಕಣ್ಣಿಗೆ ಕತ್ತಲೆ ಕವಿಯಿತು. ಆ ಕತ್ತಲೆಯೊಳಗಿಂದ ಒಂದು ಕರಿಯ ಗೋಡೆ ಎದ್ದು ಬಂದಿತು. ಅದು ಕಬ್ಬು ಹೇರಿದ ಎತ್ತಿನ ಗಾಡಿ.

ಬ್ರೇಕು ಒತ್ತಿ ಬಲಕ್ಕೆ ತಿರುಗಿಸಿದೆನು. ಕಾರಿನ ಎಡಮೂಲೆ ಗಾಡಿಯ ಹಿಂಬದಿಗೆ ತಗಲಿತು. ಮುಂದಿನ ಗಾಜನ್ನು ಒಡೆದುಕೊಂಡು ಏಳೆಂಟು ಕಬ್ಬಿನ ಗಣಿಕೆಗಳು ನನ್ನ ಪಕ್ಕದ ಆಸನದ ಬೆನ್ನಿಗೆ ಈಟಿಗಳಂತೆ ನಾಟಿದವು. ಆ ಆಸನ ಖಾಲಿಯಿತ್ತು. ತಮ್ಮನು ನಿದ್ದೆಗೆಡದೆ ಆ ದಿನ ಮುಂದೆ ಕುಳಿತಿದ್ದರೆ ಈ ಲೇಖನವನ್ನು ಬರೆಯುವ ಮನಸ್ಸು ನನಗೆ ಉಳಿಯುತ್ತಿರಲಿಲ್ಲ.

ಇಳಿದು ಓಡಿ ನೋಡಿದರೆ ಬಲಗಡೆಯ ಎತ್ತು ಮೊಳಕಾಲೂರಿ ಬಿದ್ದಿತ್ತು. ಗಾಡಿಯ ಮೇಲಿನಿಂದ ಜಿಗಿದ ಮುದುಕನು ತನಗೇನಾಯಿತೆಂದು ನೋಡಿಕೊಳ್ಳದೆ, ನೊಗದ ಕಣ್ಣಿಯನ್ನು ಬಿಚ್ಚಿ ಎತ್ತಿನ ಕಾಲನ್ನು ಸವರುತ್ತಿದ್ದನು. ನಾನು ಹೆದರಿಕೆಯನ್ನು ಸಿಟ್ಟಿನಿಂದ ಮುಚ್ಚಿಕೊಳ್ಳುತ್ತ ಕೇಳಿದೆನು:

“ಹಿಂದ ಒಂದು ದೀಪ ಕಟ್ಟಬಾರದೇನು ಕಾಕಾ?”

“ದೀಪ ಎಲ್ಲಿಂದ ತರಲೋ ತಮ್ಮಾ? ನಮ್ಮಪ್ಪ ಗಾಡಿ ಕೆಳಗ ಕಂದೀಲ ಕಟ್ಟತಿದ್ದ. ಈಗ ಸೀಮಿಎಣ್ಣಿ ಯಾರು ಕೊಡತಾರ? ಕಟ್ಟಿದ್ರೂ ನೀ ಬರೋ ಜೋರಿಗಿ ಅದು ನಿನಗ ಕಾಣತಿತ್ತೇನು?”

ಮುಂದೆ ನನ್ನ ಮುಖವನ್ನು ಬೆಳಕಿಗೆ ಹಿಡಿದು ನೋಡಿ ಯಾರ ಮಗನೆಂದು ವಿಚಾರಿಸಿದನು. ಹೇಳಿದೆನು. ಅವನ ಧ್ವನಿ ಮೆತ್ತಗಾಯಿತು. ಮಾತು ಮಾತ್ರ ಮೆತ್ತಗಾಗಲಿಲ್ಲ.

“ಹಂಗಾರ ನಮ್ಮ ಹುಡುಗನೇ. ದುಬಾಯಿದಾಗ ಭಾಳ ಶಿಸ್ತಿಲಿಂದ ಗಾಡಿ ಹೊಡಿತಾರಂತ ಕಟ್ಟಿ ಮ್ಯಾಲ ಕೂತು ಹೇಳಾಂವ ನೀನೇ ಅಲ್ಲೇನು?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಮರುದಿನ ಹಿರಿಯರ ಮುಂದೆ ತಪ್ಪನ್ನು ಒಪ್ಪಿಕೊಂಡೆನು. ದನದ ಡಾಕ್ಟರರು ಬಂದು ಎತ್ತಿನ ಕಾಲಿಗೆ ಪಟ್ಟಿ ಕಟ್ಟಿ ಮೂರು ವಾರ ನೊಗಕ್ಕೆ ಹೂಡಬಾರದೆಂದರು. ಕಬ್ಬಿನ ಹಂಗಾಮಿನಲ್ಲಿ ಮೂರು ವಾರವೆಂದರೆ ಆ ಮನೆಗೆ ವರ್ಷದ ಉಪ್ಪು ಮೆಣಸಿನಕಾಯಿ. ಕಾಕಾ ರೊಕ್ಕವನ್ನು ಮುಟ್ಟಲಿಲ್ಲ. ಅವ್ವನೇ ಹೋಗಿ, ಹಬ್ಬದ ಬುತ್ತಿಯ ಕೆಳಗಿಟ್ಟು, ಕಾ‌ಕಿಯ ಕೈಗೆ ಮುಟ್ಟಿಸಿ ಬಂದಳು. ಆ ವರ್ಷ ಹೊಲದಲ್ಲಿ ಭಜ್ಜಿ ನನ್ನ ಗಂಟಲಿಗೆ ಇಳಿಯಲಿಲ್ಲ.

ಹಬ್ಬದ ಮರುದಿನ ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆನು. ಎಂಬತ್ತು ಕಿಲೋಮೀಟರು ವೇಗವೆಂದರೆ ಒಂದು ಸೆಕೆಂಡಿಗೆ ಇಪ್ಪತ್ತೆರಡು ಮೀಟರು. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವದಕ್ಕೆ ಒಂದೊಂದೂವರೆ ಸೆಕೆಂಡು. ಆ ಮೇಲೆ ಚಕ್ರ ನಿಲ್ಲುವದಕ್ಕೆ ಮೂವತ್ತೈದು ಮೀಟರು. ಒಟ್ಟು ಅರವತ್ತರಿಂದ ಎಪ್ಪತ್ತು ಮೀಟರು ದಾರಿ ಬೇಕು. ತಗ್ಗಿಸಿದ ದೀಪದ ಬೆಳಕಿನಲ್ಲಿ ಕಪ್ಪಾದ ವಸ್ತುವು ಅಷ್ಟು ದೂರದಿಂದ ಕಾಣುವದೇ ಇಲ್ಲ. ಅಂದರೆ ನಾನು ನಡೆಯಿಸಿದುದು ಕಾರಲ್ಲ, ಕುರುಡುತನ. ಅದೇ ಐವತ್ತರ ವೇಗದಲ್ಲಿದ್ದರೆ ಮೂವತ್ತು ಮೂವತ್ತೈದು ಮೀಟರುಗಳಲ್ಲಿ ನಿಲ್ಲಬಹುದಾಗಿತ್ತು. ದುಬಾಯಿಯ ದಾರಿಗೆ ದೀಪದ ಕಂಬಗಳಿವೆ, ನಡುವೆ ಗೋಡೆಯಿದೆ, ಎತ್ತಿನ ಗಾಡಿ ಇಲ್ಲ. ಅಲ್ಲಿ ನನ್ನನ್ನು ಕಾಯ್ದುದು ನನ್ನ ಶಿಸ್ತಲ್ಲ, ಆ ದಾರಿ. ಆ ದಾರಿಯನ್ನು ಬಿಟ್ಟು ಬರುವಾಗ ನಾನು ವೇಗವನ್ನಷ್ಟೇ ಸಂಗಡ ತಂದಿದ್ದೆನು.

೨೦೨೨ ರಲ್ಲಿ ಭಾರತದ ದಾರಿಗಳ ಮೇಲೆ ಅಪಘಾತಗಳಲ್ಲಿ ಸತ್ತವರು ೧,೬೮,೪೯೧ ಜನರೆಂದು ಸರಕಾರದ ವರದಿ. ಮೋಟಾರು ವಾಹನಗಳಿಗಾದರೆ ಹಿಂಬದಿಗೆ ಕೆಂಪು ಪ್ರತಿಫಲಕ ಇರಬೇಕೆಂದು ನಿಯಮವುಂಟು. ಎತ್ತಿನ ಗಾಡಿ ಮೋಟಾರಲ್ಲ. ಹಾಗಾದರೆ ಅದರ ಬೆನ್ನನ್ನು ಕಾಯುವವರು ಯಾರು?

ಈ ವಿಚಾರದಲ್ಲಿರುವಾಗ ಅಂಗಳದಲ್ಲಿ ನಿಂತ ತಮ್ಮನ ಮೋಟಾರು ಸೈಕಲ್ಲಿನ ಮೇಲೆ ಕೆಂಪು ಪಟ್ಟಿಯೊಂದು ಹೊಳೆಯಿತು. “ಏನೋ ಅದು?” ಎಂದೆ. “ರೇಡಿಯಂ” ಎಂದನು. ನಮ್ಮ ನಾಡಿನಲ್ಲೆಲ್ಲ ಆ ಪಟ್ಟಿಗೆ ಇದೇ ಹೆಸರು. ಅಜ್ಜನ ಗಡಿಯಾರದ ಹೆಸರು ಮೊಮ್ಮಗನ ಬಂಡಿಗೆ ಹತ್ತಿದುದನ್ನು ಕಂಡು ನನಗೆ ಆ ದುಃಖದಲ್ಲಿಯೂ ನಗೆ ಬಂದಿತು. ಇದರಲ್ಲಿ ರೇಡಿಯಂ ಇಲ್ಲ, ವಿಷವೂ ಇಲ್ಲ. ಸಾಸಿವೆಗಿಂತ ಎಷ್ಟೋ ಪಾಲು ಸಣ್ಣ ಗಾಜಿನ ಮಣಿಗಳು, ಇಲ್ಲವೆ ಮೂರು ಮುಖಗಳ ಸಣ್ಣ ಪಟ್ಟಕಗಳು ಈ ಪಟ್ಟಿಯ ತುಂಬ ಹರಡಿರುತ್ತವೆ. ಕನ್ನಡಿಯು ಓರೆಯಾಗಿ ಬಂದ ಬೆಳಕನ್ನು ಇನ್ನೊಂದು ಕಡೆಗೆ ಎಸೆಯುತ್ತದೆ. ಇವು ಬೆಳಕನ್ನು ಬಂದ ದಾರಿಯಲ್ಲಿಯೇ ತಿರುಗಿಸಿ ಕಳಿಸುತ್ತವೆ. ಆದುದರಿಂದ ಯಾರ ದೀಪವೋ ಅವರ ಕಣ್ಣಿಗೇ ಅದು ಮಿಂಚುವದು. ರಾತ್ರಿ ಬೆಕ್ಕಿನ ಕಣ್ಣು ಹೊಳೆಯುವದೂ ಹೀಗೆಯೇ. ಇಂಗ್ಲಂಡದ ಹ್ಯಾಲಿಫ್ಯಾಕ್ಸ್ ಊರಿನ ಪರ್ಸಿ ಶಾ ಎಂಬವನು ೧೯೩೪ ರಲ್ಲಿ ದಾರಿಯ ನಡುವೆ ಹುಗಿಯುವ ಗಾಜಿನ ಗುಂಡುಗಳಿಗೆ ‘ಬೆಕ್ಕಿನ ಕಣ್ಣು’ ಎಂದೇ ಹೆಸರಿಟ್ಟು ಹಕ್ಕು ಪಡೆದನು. ಎರಡನೆಯ ಮಹಾಯುದ್ಧದ ಕತ್ತಲೆಯ ರಾತ್ರಿಗಳಲ್ಲಿ ಅವು ಬಹಳ ಉಪಯೋಗಕ್ಕೆ ಬಂದವು. ಎಣ್ಣೆ ಬೇಡ, ಬ್ಯಾಟರಿ ಬೇಡ; ನೂರೈವತ್ತು ಮೀಟರಿನಾಚೆಯಿಂದ ಕಾಣುವ ದೀಪವಿದು.

ಅಂದಿನಿಂದ ನನ್ನ ಹವ್ಯಾಸ ಬದಲಾಯಿತು. ಮುಂದಿನ ವರ್ಷ ಬರುವಾಗ ದುಬಾಯಿಯಿಂದ ಈ ಪಟ್ಟಿಯ ಎರಡು ಸುರುಳಿಗಳನ್ನು ದೊಡ್ಡ ಭಾಗ್ಯವೆಂಬಂತೆ ಪೆಟ್ಟಿಗೆಯಲ್ಲಿ ಹೊತ್ತು ತಂದೆನು. ಅನಂತರ ಕಲಬುರಗಿಯ ಸುಪರ್ ಮಾರ್ಕೆಟ್ ಬದಿಯಲ್ಲಿ ಅದೇ ಪಟ್ಟಿ ಅಗ್ಗದಲ್ಲಿ ಸಿಗುವದನ್ನು ಕಂಡು ನಾಚಿದೆನು. ಒಂದು ಗಾಡಿಗೆ ನೂರು ರೂಪಾಯಿಗಿಂತ ಹೆಚ್ಚು ಬೀಳಲಿಲ್ಲ.

ಹಚ್ಚುವದು ತಿಳಿದಷ್ಟು ಸುಲಭವಲ್ಲ. ಮೊದಲು ಗಾಡಿಯ ಕಟ್ಟಿಗೆಗೆ ಹಚ್ಚಿದೆನು. ಎರೆಮಣ್ಣಿನ ಧೂಳಿಗೆ ಎರಡು ದಿನಗಳಲ್ಲಿ ಉದುರಿತು. ಒದ್ದೆಯ ಅರಿವೆಯಿಂದ ಒರಸಿ, ಒಣಗಿಸಿ ಹಚ್ಚಿದೆನು. ನಿಂತಿತು, ಆದರೆ ಹಿಂದಕ್ಕೆ ಬಾಗಿದ ಕಬ್ಬಿನ ಸೋಗೆ ಅದನ್ನು ಮುಚ್ಚಿತು. ಈ ಸಮಸ್ಯೆಯನ್ನು ಬಿಡಿಸಿದವನು ನಾನಲ್ಲ, ಕಾಕಾ. ಹಳೆಯ ಎಣ್ಣೆಡಬ್ಬಿಯ ತಗಡನ್ನು ಮೊಳದಗಲ ಕತ್ತರಿಸಿ, ಅದಕ್ಕೆ ಕೆಂಪು ಬಿಳಿ ಪಟ್ಟಿಗಳನ್ನು ಹಚ್ಚಿ, ಎರಡು ತೂತು ಮಾಡಿ ಹಗ್ಗ ಪೋಣಿಸಿದನು. ಹೇರು ಕಟ್ಟಿದ ಮೇಲೆ ಹೊರಗಿನಿಂದ ತೂಗಬಿಟ್ಟರಾಯಿತು. ಹೇರು ಇಳಿಸಿದ ಮೇಲೆ ಬಿಚ್ಚಿ ಮನೆಯಲ್ಲಿಡಬಹುದು. “ಇದು ನಮ್ಮಪ್ಪನ ಕಂದೀಲ ನೋಡು” ಎಂದನು. ನನಗೂ ಅವನಿಗೂ ನಡುವೆ ಇದ್ದ ಬಿಗುವು ಆ ದಿನ ಸಡಲಿತು.

ಎರಡು ರಜೆಗಳಲ್ಲಿ ನಾಲ್ವತ್ತೊಂದು ಗಾಡಿಗಳಿಗೆ ಇಂಥ ತಗಡು ಮಾಡಿಕೊಟ್ಟಿದ್ದೇವೆ. ಹುಡುಗರು ಉಳಿದ ತುಂಡುಗಳನ್ನು ಶಾಲೆಯ ಚೀಲಕ್ಕೂ ಸೈಕಲ್ಲಿಗೂ ಹಚ್ಚಿಕೊಂಡರು. ಅವ್ವ ತನ್ನ ಊರುಗೋಲಿಗೆ ಒಂದು ಸುತ್ತು ಹಾಕಿಸಿಕೊಂಡಳು. ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರಿನವರಲ್ಲಿ ಮಾತ್ರ ಒಪ್ಪಿದವರು ಕೆಲವರೇ. “ಖೇಪು ತಪ್ಪುತದಣ್ಣಾ” ಎಂದು ನಿಲ್ಲದೆ ಹೋಗುವರು. ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಖೇಪಿನ ಲೆಕ್ಕಕ್ಕೆ ಕೂಲಿ ಕೊಡುವವರೆಗೆ ಅವರು ನಿಲ್ಲಲಾರರು. ದಂಡವೂ ಬೇಕು, ನಿಯಮವೂ ಬೇಕು, ದಾರಿಯ ದೀಪವೂ ಬೇಕು; ಅವೆಲ್ಲ ಸರಕಾರದ ಕೆಲಸ, ಅವನ್ನು ಕೇಳುವದು ನಮ್ಮ ಕೆಲಸ. ಆದರೆ ಅವು ಬರುವ ತನಕ ಗಾಡಿಯು ದಾರಿಯಲ್ಲಿಯೇ ಇರುತ್ತದಲ್ಲ!

ಈ ತಗಡುಗಳಿಂದ ಎಷ್ಟು ಜೀವ ಉಳಿದವೆಂದು ಯಾರೂ ಕೇಳಬಾರದು. ಆಗದೆ ಹೋದ ಅಪಘಾತವು ಯಾವ ದಫ್ತರದಲ್ಲಿಯೂ ದಾಖಲಾಗುವದಿಲ್ಲ. ಅಜ್ಜನ ಗಡಿಯಾರ ಈಗ ಮುಚ್ಚಿದಂತೆಯೇ ನನ್ನ ಮೇಜಿನ ಮೇಲಿದೆ. ನನ್ನ ವೇಗವೂ ಊರಿನ ದಾರಿಯಲ್ಲಿ ಐವತ್ತಕ್ಕೆ ಇಳಿದಿದೆ. ಕಟ್ಟೆಯ ಮೇಲಿನ ಉಪದೇಶವಂತೂ ಪೂರ್ತಿ ನಿಂತಿದೆ.

ವಾಚಕರಲ್ಲಿ ಪರದೇಶಕ್ಕೆ ಮಕ್ಕಳನ್ನು ಕಳಿಸಿದವರು ಅನೇಕರಿರಬಹುದು. ಮಕ್ಕಳು ರಜೆಗೆ ಬಂದು ನಮ್ಮ ದಾರಿಗಳನ್ನು ಬೈಯತೊಡಗಿದರೆ ಅವರ ಕೈಗೆ ಒಂದು ಕತ್ತರಿ, ಒಂದು ತಗಡು, ಒಂದು ಗೇಣು ‘ರೇಡಿಯಂ’ ಕೊಟ್ಟು ನೋಡಿರಿ. ಹಳ್ಳಿಯ ದಾರಿಯಲ್ಲಿ ರಾತ್ರಿ ಕಾರು ನಡೆಯಿಸುವವರಿದ್ದರೆ, ದೀಪ ಬೀಳುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗಕ್ಕಿಂತ ಹೆಚ್ಚು ಹೋಗಬೇಡಿರೆಂದು ಹೇಳಿರಿ.

ಕಳೆದ ಹಂಗಾಮಿನಲ್ಲಿ ಒಂದು ರಾತ್ರಿ ಕಾಕಾನ ಮೊಮ್ಮಗನು ಹೇರು ಕಟ್ಟಿದ ಗಾಡಿಯ ಚಿತ್ರವನ್ನು ತೆಗೆದು ಕಳಿಸಿದನು. ಮೊಬಾಯಿಲಿನ ಬೆಳಕಿಗೆ ತಗಡು ಎಷ್ಟು ಹೊಳೆದಿತ್ತೆಂದರೆ, ಗಾಡಿಯಾಗಲಿ ಕಬ್ಬಾಗಲಿ ಎತ್ತಾಗಲಿ ಅದರಲ್ಲಿ ಕಾಣಲಿಲ್ಲ. ಅದನ್ನು ಅವ್ವನಿಗೆ ತೋರಿಸಿರೆಂದು ಹೇಳಿ ಕರೆ ಮಾಡಿದೆನು. ಅವಳು ಎಂದಿನಂತೆ ಯಂತ್ರವನ್ನು ಕಿವಿಗೆ ಹಿಡಿದು, “ಊರಾಗ ಎಲ್ಲಾರೂ ನಿನಗ ರೇಡಿಯಂ ಪರದೇಶಿ ಅಂತಾರೋ” ಎಂದಳು. ಈ ಸಲ ಅವಳು ಆ ಶಬ್ದವನ್ನು ಯಾವ ಅರ್ಥದಲ್ಲಿ ಆಡಿದಳೆಂಬದು ನನಗೆ ತಿಳಿಯಿತು. ಅವಳ ಕಿವಿಯ ಓಲೆ ನಗುವಿನಿಂದ ಅಲುಗುತ್ತಿತ್ತು.